ಹಿತ್ತಲಿನ ಸ್ಮೋಕರ್‌ನಲ್ಲಿ ಹಂದಿ ಪಕ್ಕೆಲುಬು: ಕಾಫಿ ಕಟ್ಟಿಗೆ ಬಳಸಬಹುದೇ?

ಪ್ರಶ್ನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯ ಹಿತ್ತಲಿನಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ಮಿನಿಂದ ಮಾಡಿಸಿದ, ಹೊಗೆಯಲ್ಲಿ ಮಾಂಸ ಬೇಯಿಸುವ ಒಂದು ಸ್ಮೋಕರ್ ಇದೆ. ತಳದಲ್ಲಿ ಇದ್ದಿಲಿನ ಬುಟ್ಟಿ, ಅದರ ಮೇಲೆ ನೀರಿನ ತಟ್ಟೆ, ಮೇಲುಗಡೆ ಜಾಲರಿ, ಕೆಳಗೊಂದು ಮತ್ತು ಮುಚ್ಚಳದಲ್ಲೊಂದು ಗಾಳಿಕಿಂಡಿ ಇವೆ. ಕೋಳಿ ಇದರಲ್ಲಿ ಚೆನ್ನಾಗಿ ಬೇಯುತ್ತದೆ. ಹಂದಿಯ ಪಕ್ಕೆಲುಬು ಇಟ್ಟಾಗ ಮಾತ್ರ ಹೊರಮೈ ಕಪ್ಪಾಗಿ ನಾಲಿಗೆಗೆ ಕಹಿ ತಾಗುತ್ತದೆ, ಒಳಗಿನ ಮಾಂಸ ಎಲುಬನ್ನು ಬಿಡುವುದೇ ಇಲ್ಲ.

ಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಕಸಿ ಮಾಡಿದಾಗ (ಗಿಡ ಸವರಿದಾಗ) ಬಿದ್ದ ಕಾಫಿ ರೆಂಬೆಗಳು, ಕಾಂಡಕೊರಕ ಹುಳು ಹತ್ತಿದ್ದರಿಂದ ಕಿತ್ತು ಹಾಕಿದ ಅರೇಬಿಕಾ ಜಾತಿಯ ಕಾಫಿ ಬುಡಗಳು, ಸಿಲ್ವರ್ ಓಕ್, ಹಲಸು, ಸೀಬೆ ಎಲ್ಲವೂ ಕೊಟ್ಟಿಗೆಯಲ್ಲಿವೆ. ಮಳೆಗಾಲವಾದ್ದರಿಂದ ಎಲ್ಲದರಲ್ಲೂ ಸ್ವಲ್ಪ ಪಸೆ ಇದೆ. ಇವುಗಳಲ್ಲಿ ಯಾವುದನ್ನು ಉರಿಸಬೇಕು, ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಇಡಬೇಕು, ಮತ್ತು ಅಮೆರಿಕದವರು ಹೇಳುವ 3-2-1 ಎಂಬ ಲೆಕ್ಕ ನಮ್ಮ ಅಂಗಡಿಯ ಮಾಂಸಕ್ಕೆ ಹೊಂದುತ್ತದೆಯೇ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ (ಸಕಲೇಶಪುರ)

ಕಹಿಯ ಮೂಲ ಮಾಂಸದಲ್ಲಿಲ್ಲ, ಬೆಂಕಿಯಲ್ಲಿದೆ. ಹಸಿ ಕಟ್ಟಿಗೆಯನ್ನು ಕೆಂಡದ ಮೇಲೆ ಹಾಕಿದಾಗ ಉರಿಯ ಶಾಖವೆಲ್ಲ ಮೊದಲು ಕಟ್ಟಿಗೆಯೊಳಗಿನ ನೀರನ್ನು ಆರಿಸುವುದಕ್ಕೇ ಖರ್ಚಾಗುತ್ತದೆ. ಆಗ ಕಟ್ಟಿಗೆ ಸರಿಯಾಗಿ ಉರಿಯದೆ ದಟ್ಟವಾದ ಬಿಳಿ ಹೊಗೆ ಏಳುತ್ತದೆ, ಅದರಲ್ಲಿರುವ ಡಾಂಬರಿನಂಥ ಅಂಶ ತಣ್ಣಗಿರುವ ಮಾಂಸದ ಮೇಲೆ ಕುಳಿತುಕೊಳ್ಳುತ್ತದೆ. ತಮಗೆ ಬೇಕಾಗಿರುವುದು ಮುಚ್ಚಳದ ಕಿಂಡಿಯಿಂದ ಬರುವಾಗ ಕಂಡೂ ಕಾಣದಂತಿರುವ, ಬಿಸಿಲಿನಲ್ಲಿ ನಸುನೀಲಿಯಾಗಿ ತೋರುವ ತೆಳ್ಳನೆಯ ಹೊಗೆ. ಇದ್ದಿಲು ಪೂರ್ತಿ ಹೊತ್ತಿ, ಮೊದಲ ಬಿಳಿ ಹೊಗೆ ಹೋಗಿ, ಡ್ರಮ್ಮು ಒಂದು ಹದಕ್ಕೆ ಬಂದ ಮೇಲೆಯೇ ಮಾಂಸವನ್ನು ಜಾಲರಿಗೆ ಏರಿಸಬೇಕು. ಶಾಖ ಹೆಚ್ಚಾಯಿತೆಂದು ಮೇಲಿನ ಕಿಂಡಿಯನ್ನು ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಹೊಗೆ ಒಳಗೇ ಮುಗ್ಗಿ ಕಹಿಯಾಗುತ್ತದೆ. ಮೇಲಿನದು ಸದಾ ತೆರೆದಿರಲಿ, ಶಾಖವನ್ನು ಕೆಳಗಿನ ಕಿಂಡಿಯಿಂದಲೇ ಹದ ಮಾಡಿಕೊಳ್ಳಿ.

ಅಡುಗೆಯ ಶಾಖವೆಲ್ಲ ಇದ್ದಿಲಿನಿಂದ ಬರಲಿ. ಅರಸೀಕೆರೆ ಕಡೆಯ ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕಿದರೆ ಬಹಳ ಒಳ್ಳೆಯದು, ಏಕೆಂದರೆ ಅದು ಗಟ್ಟಿಯಾಗಿದ್ದು ಹೆಚ್ಚು ಹೊತ್ತು ಕಾವು ಹಿಡಿಯುತ್ತದೆ. ಕಟ್ಟಿಗೆ ಪರಿಮಳಕ್ಕಷ್ಟೇ: ಮುಷ್ಟಿಗಾತ್ರದ ಮೂರು ನಾಲ್ಕು ತುಂಡು ಸಾಕು. ಅವನ್ನು ನೀರಿನಲ್ಲಿ ನೆನೆಸಬೇಕೆಂದು ಎಷ್ಟೋ ಕಡೆ ಬರೆದಿರುತ್ತಾರೆ, ನಮ್ಮ ಮಲೆನಾಡಿನಲ್ಲಿ ಆ ಕೆಲಸವನ್ನು ಆಕಾಶವೇ ಮಾಡಿ ಮುಗಿಸಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ ತುಂಡನ್ನೇ ಬಳಸಿ.

ಇನ್ನು ಕಾಫಿ ಕಟ್ಟಿಗೆಯ ವಿಚಾರ. ಕಾಫಿ ಗಟ್ಟಿಮರ, ಅದರ ಹೊಗೆ ಹಂದಿ ಮಾಂಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕಾಂಡಕೊರಕ ಹತ್ತಿದ ಅರೇಬಿಕಾ ಬುಡಗಳನ್ನು ದಯವಿಟ್ಟು ಮುಟ್ಟಬೇಡಿ. ಆ ಹುಳುವಿನ ಕಾಟಕ್ಕಾಗಿ ಕಾಂಡಕ್ಕೆ ಕೀಟನಾಶಕ ಹೊಡೆದಿರುತ್ತಾರೆ, ಎಲೆತುಕ್ಕು ರೋಗಕ್ಕೆಂದು ವರ್ಷವರ್ಷವೂ ಬೋರ್ಡೋ ದ್ರಾವಣ ಸಿಂಪಡಿಸಿರುತ್ತಾರೆ. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ, ಅಂದರೆ ತಾಮ್ರ. ಅದು ತೊಗಟೆಯಲ್ಲಿ ಉಳಿಯುತ್ತದೆ. ಅಂಥ ಬುಡವನ್ನು ನೀರೊಲೆಗೆ ಹಾಕಬಹುದೇನೋ, ಅನ್ನದ ತಟ್ಟೆಗೆ ಬರುವ ಪದಾರ್ಥದ ಕೆಳಗೆ ಸಲ್ಲದು. ಕಾಂಡಕೊರಕದ ಬಾಧೆ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾಕ್ಕೆ ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಔಷಧಿ ಬೀಳದ ರೊಬಸ್ಟಾ ಗಿಡವೆಂದು ತಮಗೇ ಖಚಿತವಾಗಿ ಗೊತ್ತಿದ್ದರೆ, ಅದರ ಕಸಿಯ ರೆಂಬೆಯನ್ನು ತೊಗಟೆ ಕೆತ್ತಿ ಬಳಸಿ. ಅನುಮಾನವಿದ್ದರೆ ಸೀಬೆ ಕಟ್ಟಿಗೆಯೇ ಇರಲಿ. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ, ಅಮೆರಿಕದವರು ಹೊಗೆಗೆ ಹೊಗಳುವ ಓಕ್‌ಗೂ ಇದಕ್ಕೂ ಸಂಬಂಧವಿಲ್ಲವಾದ್ದರಿಂದ ಆ ಸಲಹೆ ಇದಕ್ಕೆ ಅನ್ವಯಿಸುವುದಿಲ್ಲ.

ಉತ್ತರ (ಹಾಸನ)

ಕಟ್ಟಿಗೆಯ ಬಗ್ಗೆ ಮೇಲೆ ಬರೆದವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮಾಂಸ ಎಲುಬು ಬಿಡದಿರುವುದಕ್ಕೆ ಕಾರಣ ಬೇರೆ. ಹಂದಿ ಮಾಂಸ 63 ಡಿಗ್ರಿ ಸೆಲ್ಸಿಯಸ್ ತಲುಪಿ ಸ್ವಲ್ಪ ಹೊತ್ತು ಹಾಗೇ ಇದ್ದರೆ ತಿನ್ನಲು ಸುರಕ್ಷಿತವೇನೋ ಹೌದು, ಆದರೆ ಪಕ್ಕೆಲುಬು ಆ ಹಂತದಲ್ಲಿ ರಬ್ಬರಿನಂತಿರುತ್ತದೆ. ಎಲುಬುಗಳ ನಡುವಿನ ನಾರು ಕರಗಿ ಅಂಟಾಗುವುದು ಅದಕ್ಕಿಂತ ಮೇಲಿನ ಶಾಖದಲ್ಲಿ, ಅದೂ ನಿಧಾನವಾಗಿ. ಮಾಂಸದ ಒಳಶಾಖ 90ರಿಂದ 95 ಡಿಗ್ರಿಗೆ ಬರುವವರೆಗೆ ಕಾಯಬೇಕು. ನಡುವೆ 65–70ರ ಆಸುಪಾಸಿನಲ್ಲಿ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ಬಹಳ ಹೊತ್ತು ಅಲ್ಲೇ ನಿಂತುಬಿಡುತ್ತದೆ. ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತಾ ಅದನ್ನು ತಂಪಾಗಿಸುವುದೇ ಇದಕ್ಕೆ ಕಾರಣ. ಗಾಬರಿಯಿಂದ ಇದ್ದಿಲು ಸುರಿಯಬೇಡಿ. ಡ್ರಮ್ಮಿನೊಳಗಿನ ಶಾಖ 107ರಿಂದ 121 ಡಿಗ್ರಿಯೊಳಗೆ ಇರಲಿ. ಮುಚ್ಚಳಕ್ಕೆ ಕೂರಿಸಿದ ಮೀಟರನ್ನು ನಂಬುವುದಕ್ಕಿಂತ, ಜಾಲರಿಯ ಎತ್ತರದಲ್ಲಿ ಒಂದು ಓವನ್ ಥರ್ಮಾಮೀಟರ್ ಇಡುವುದು ಮೇಲು.

3-2-1 ಎಂದರೆ 3 ಗಂಟೆ ಬರಿಯ ಹೊಗೆಯಲ್ಲಿ, 2 ಗಂಟೆ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಕೊನೆಯ 1 ಗಂಟೆ ಬಿಚ್ಚಿ ಮಸಾಲೆ ಬಳಿದು. ಇದು ಹೊಟ್ಟೆಯ ಭಾಗದ ಅಗಲವಾದ, ಕೊಬ್ಬು ಹೆಚ್ಚಿರುವ ಪಕ್ಕೆಲುಬಿಗೆ ಮಾಡಿದ ಲೆಕ್ಕ. ಬೆನ್ನಿಗೆ ಹತ್ತಿದ ಚಿಕ್ಕ ಎಲುಬಿಗೆ 2-2-1 ಸಾಕಾಗುತ್ತದೆ. ನಮ್ಮ ಕಡೆಯ ಸಣ್ಣ ಹಂದಿಯ ಮಾಂಸಕ್ಕೆ 6 ಗಂಟೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಗಡಿಯಾರ ನೋಡುವುದಕ್ಕಿಂತ ಮಾಂಸವನ್ನೇ ನೋಡಿ: ಇಕ್ಕಳದಿಂದ ಪಟ್ಟಿಯ ಒಂದು ತುದಿಯನ್ನು ಹಿಡಿದೆತ್ತಿದಾಗ ಅದು ಬಿಲ್ಲಿನಂತೆ ಬಾಗಿ ನಡುವಿನ ಮೇಲ್ಮೈ ಬಿರಿಯಲು ತೊಡಗಬೇಕು, ಮಾಂಸ ಹಿಂದೆ ಸರಿದು ಎಲುಬಿನ ತುದಿಗಳು ಅರ್ಧ ಸೆಂಟಿಮೀಟರಿನಷ್ಟಾದರೂ ಹೊರಗೆ ಕಾಣಬೇಕು.

ಅಂಗಡಿಯಲ್ಲಿ ಸಾರಿಗೆಂದು ತುಂಡು ಮಾಡಿ ಕೊಡುವುದು ನಮ್ಮಲ್ಲಿ ರೂಢಿ. ಕತ್ತಿ ಎತ್ತುವ ಮೊದಲೇ ಪಕ್ಕೆಯನ್ನು ಕಡಿಯದೆ ಇಡಿಯಾಗಿ ಕೊಡುವಂತೆ ಹೇಳಿ, ಚರ್ಮ ತೆಗೆಸಿಕೊಳ್ಳಿ. ಎಲುಬಿನ ಒಳಮಗ್ಗುಲಿಗೆ ಒಂದು ಬಿಳಿ ಪೊರೆ ಅಂಟಿಕೊಂಡಿರುತ್ತದೆ. ಅದು ಎಷ್ಟು ಬೆಂದರೂ ಮೆತ್ತಗಾಗುವುದಿಲ್ಲ, ಉಪ್ಪುಖಾರವನ್ನು ಒಳಕ್ಕೆ ಬಿಡುವುದೂ ಇಲ್ಲ. ಚಮಚದ ಹಿಡಿಯನ್ನು ಒಂದು ಎಲುಬಿನ ಮೇಲೆ ಪೊರೆಯ ಕೆಳಗೆ ತೂರಿಸಿ ಸಡಿಲಿಸಿ, ಜಾರದಂತೆ ಒಣ ಬಟ್ಟೆಯಿಂದ ಹಿಡಿದು ಎಳೆದರೆ ಹೆಚ್ಚಿನ ಸಲ ಒಂದೇ ಹಾಳೆಯಾಗಿ ಬಂದುಬಿಡುತ್ತದೆ.

ಉತ್ತರ (ಚಿಕ್ಕಮಗಳೂರು)

ಫಾಯಿಲ್ ಬಗ್ಗೆ ಹಾಸನದವರೊಂದಿಗೆ ನನ್ನದೊಂದು ತಕರಾರಿದೆ. ಸುತ್ತಿಟ್ಟ 2 ಗಂಟೆಯಲ್ಲಿ ಮಾಂಸ ಹಬೆಯಲ್ಲಿ ಬೇಯುತ್ತದೆಯೇ ಹೊರತು ಹೊಗೆಯಲ್ಲಿ ಅಲ್ಲ, ಹೊರಮೈಯಲ್ಲಿ ಕಟ್ಟಿದ ಗರಿಗರಿಯೂ ಮೆತ್ತಗಾಗುತ್ತದೆ. ಸುತ್ತದೆಯೇ 5 ಗಂಟೆಯಷ್ಟು ಹೊತ್ತು ಬಿಟ್ಟು, ಮೇಲ್ಮೈ ಒಣಗಿದಂತೆ ಕಂಡಾಗ ಮಾತ್ರ ನೀರು ಬೆರೆಸಿದ ವಿನೆಗರ್ ಚಿಮುಕಿಸಿದರೆ ನನಗೆ ಹೆಚ್ಚು ರುಚಿ. ಮನೆಯಲ್ಲಿ ಹಲ್ಲಿಲ್ಲದ ಹಿರಿಯರಿದ್ದರೆ ಸುತ್ತುವುದೇ ಸರಿ, ಅದನ್ನು ಒಪ್ಪುತ್ತೇನೆ.

ನಮ್ಮ ಹಿರಿಯರು ಒಲೆಯ ಮೇಲೆ ತೂಗುಹಾಕುತ್ತಿದ್ದ ಉಪ್ಪುಕಂಡದ ಅಂದಾಜನ್ನು ಇಲ್ಲಿಗೆ ತರುವವರೂ ಇದ್ದಾರೆ. ಅಲ್ಲಿ ಉಪ್ಪು ಹೆಚ್ಚು, ಕಾವು ಕಡಿಮೆ, ಕೆಲಸ ದಿನಗಟ್ಟಲೆ. ಮಾಂಸವನ್ನು ಒಣಗಿಸಿ ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಅದರ ಉದ್ದೇಶ. ಸ್ಮೋಕರ್‌ನಲ್ಲಿ ಬೇಯಿಸಿದ್ದು ಅಂದೇ ತಿನ್ನುವ ಅಡುಗೆ, ಆದ್ದರಿಂದ ಕಿಲೋಗೆ 10–12 ಗ್ರಾಂ ಉಪ್ಪು ಸಾಕು. ಅದರ ಜೊತೆಗೆ ತರಿತರಿಯಾಗಿ ಕುಟ್ಟಿದ ನಮ್ಮ ಕರಿಮೆಣಸು, ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ, ಹುರಿದು ಪುಡಿ ಮಾಡಿದ ಕೊತ್ತಂಬರಿ ಮತ್ತು ಜೀರಿಗೆ ಹಚ್ಚಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಕೊನೆಗೆ ಬಳಿಯುವುದಕ್ಕೆ ಅಂಗಡಿಯ ಬಾಟಲಿ ಸಾಸ್ ಬೇಕಿಲ್ಲ. ವಾಟೆಹುಳಿಯನ್ನು ನೆನೆಸಿ ಕಿವುಚಿದ ರಸಕ್ಕೆ ಬೆಲ್ಲ, ಜಜ್ಜಿದ ಬೆಳ್ಳುಳ್ಳಿ, ಮೆಣಸು ಹಾಕಿ ಬೆರಳಿಗೆ ಅಂಟುವ ಪಾಕಕ್ಕೆ ಕಾಯಿಸಿದರಾಯಿತು. ಬೆಲ್ಲ ಬೇಗ ಸೀಯುವ ಪದಾರ್ಥ, ಕೊನೆಯ ಅರ್ಧ ಗಂಟೆಗೆ ಮುಂಚೆ ಅದನ್ನು ಮಾಂಸಕ್ಕೆ ತೋರಿಸಬೇಡಿ. ತಾವು ಹೇಳುವ ಕಪ್ಪು ಬಣ್ಣದಲ್ಲಿ ಅರ್ಧ ಪಾಲು ಸೀದ ಸಿಹಿಯದ್ದೇ ಇರಬಹುದು.

ಪ್ರಶ್ನೆ ಕೇಳಿದವರು (ಮೂಡಿಗೆರೆ)

ಎಲ್ಲರಿಗೂ ಧನ್ಯವಾದಗಳು. ಅರೇಬಿಕಾ ಬುಡಗಳನ್ನು ಬೇರೆ ರಾಶಿ ಮಾಡಿಸುತ್ತೇನೆ, ಸೀಬೆ ತುಂಡುಗಳು ಈಗಾಗಲೇ ಅಟ್ಟ ಸೇರಿವೆ. ಒಂದು ವಿಚಾರ ಉಳಿಯಿತು: ಮಳೆ ಬಿಡದಿದ್ದರೆ ಡ್ರಮ್ಮನ್ನು ಕಾಫಿ ಗೋದಾಮಿನೊಳಗೆ ಇಟ್ಟುಕೊಳ್ಳಬಹುದೇ? ಜಾಲರಿಯ ತಂತಿಗೆ ಸತುವಿನ ಲೇಪವಿದೆ, ಅದರಿಂದ ತೊಂದರೆ ಇದೆಯೇ?

ಉತ್ತರ (ಸಕಲೇಶಪುರ)

ಗೋದಾಮು ಖಂಡಿತ ಬೇಡ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ತೆರೆದಿದ್ದರೂ ಒಳಗಿದ್ದವರ ಜೀವಕ್ಕೆ ಅಪಾಯ. ಅಷ್ಟಲ್ಲದೆ ಒಣಗಿಸಿಟ್ಟ ಕಾಫಿ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಹೊಗೆಯ ವಾಸನೆ ಬಂದ ಮೂಟೆಗೆ ವ್ಯಾಪಾರಿ ಬೆಲೆ ಇಳಿಸುತ್ತಾನೆ. ನಾಲ್ಕೂ ಕಡೆ ಗೋಡೆಯಿಲ್ಲದ, ತಗಡಿನ ಸೂರು ಮಾತ್ರ ಇರುವ ಜಾಗವೇ ಸರಿ. ಸತುವಿನ ಲೇಪದ ತಂತಿ ಕೆಂಡದ ಹತ್ತಿರ ಕಾದರೆ ಅದರ ಹೊಗೆ ಒಳ್ಳೆಯದಲ್ಲ, ಹುಳಿ ತಾಗಿದರೆ ಸತು ಮಾಂಸಕ್ಕೂ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯನ್ನು ಅಳತೆ ಕೊಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಡ್ರಮ್ಮಿನ ಒಳಗೆ ಹಳೆಯ ಬಣ್ಣ ಉಳಿದಿದ್ದರೆ ಅದನ್ನೂ ಅಲ್ಲಿಯೇ ಪೂರ್ತಿ ಉಜ್ಜಿ ತೆಗೆಸಿ, ಬರಿಯ ಕಬ್ಬಿಣಕ್ಕೆ ಅಡುಗೆ ಎಣ್ಣೆ ಸವರಿ ಒಂದೆರಡು ಗಂಟೆ ಖಾಲಿ ಕಾಯಿಸಿದ ಮೇಲೆ ಮಾಂಸ ಇಡಿ.