ಪದಚರ್ಚೆ: ‘ಭೇದಿ ಮದ್ದು’ ಅಂದರೆ ನಿಲ್ಲಿಸುವುದೋ, ಬರಿಸುವುದೋ?

ಗೆಳೆಯರೇ, ನಮಸ್ಕಾರ.

ಹೊಟ್ಟೆ ಕೆಟ್ಟಾಗ ಮನೆಯಲ್ಲೇ ಏನು ಮಾಡಿಕೊಳ್ಳಬಹುದು ಅಂತ ಎರಡು ಪುಟದ ಕರಪತ್ರ ಬರೆದುಕೊಡಿ ಎಂದು ಪರಿಚಯದವರೊಬ್ಬರು ಕೇಳಿದ್ದರು. ಎರಡು ಪುಟ ತಾನೆ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಆಯಿತು. ಮದ್ದುಗಳ ವಿಷಯ ಮುಗಿದಿದೆ, ಪದಗಳ ಜೊತೆ ಇನ್ನೂ ಗುದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲ ಕರಡನ್ನು ಅಮ್ಮನಿಗೆ ಫೋನಿನಲ್ಲಿ ಓದಿದೆ. ಒಂದು ಕಡೆ ‘ಭೇದಿ ಮದ್ದು’ ಅಂತ ತಲೆಬರಹ ಕೊಟ್ಟಿದ್ದೆ. ಅಲ್ಲೇ ತಡೆದರು.

“ಯಾರಿಗೋ ಇದು? ಹೊಟ್ಟೆ ಕಟ್ಟಿದೋರಿಗಾ, ಕೆಟ್ಟೋರಿಗಾ?”

“ಕೆಟ್ಟೋರಿಗೆ ಕಣಮ್ಮ. ಭೇದಿ ಆಗ್ತಿರೋರಿಗೆ.”

“ಅವರಿಗೆ ಭೇದಿ ಮದ್ದು ಕೊಟ್ರೆ ಇನ್ನೂ ಜಾಸ್ತಿ ಆಗಲ್ವೇನೋ?”

ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಅವರ ಕಿವಿಗೆ ‘ಭೇದಿ ಮದ್ದು’ ಅಂದರೆ ಹೊಟ್ಟೆ ಕಟ್ಟಿದಾಗ ಕುಡಿಸಿ ಭೇದಿ ಮಾಡಿಸುವ ಮದ್ದು. ನಾನು ಬರೆದದ್ದು ಭೇದಿ ಆಗುತ್ತಿರುವವರಿಗೆ. ಒಂದೇ ಪದಜೋಡಿ, ಒಂದಕ್ಕೊಂದು ಪೂರ್ತಿ ವಿರುದ್ಧವಾದ ಎರಡು ಕೆಲಸ. ಕಥೆಯಲ್ಲಾದರೆ ತಮಾಷೆ. ಆರೋಗ್ಯದ ಕರಪತ್ರದಲ್ಲಿ ತಮಾಷೆ ಅಲ್ಲ.

ಇದು ಬರೀ ‘ಭೇದಿ’ಯ ತೊಂದರೆ ಅಲ್ಲ. ‘ನಿದ್ದೆ ಮಾತ್ರೆ’ ನಿದ್ದೆ ಬರಿಸುತ್ತದೆ. ‘ಜ್ವರದ ಮಾತ್ರೆ’ ಜ್ವರ ಬರಿಸುವುದಿಲ್ಲ, ಇಳಿಸುತ್ತದೆ. ‘ತಲೆನೋವಿನ ಮಾತ್ರೆ’ ತಿಂದು ತಲೆನೋವು ಬಂತು ಅಂತ ಯಾರೂ ದೂರುವುದಿಲ್ಲ. ‘ಸೊಳ್ಳೆ ಬತ್ತಿ’ ಸೊಳ್ಳೆ ಓಡಿಸುತ್ತದೆ, ‘ಗಂಧದ ಬತ್ತಿ’ ಗಂಧ ಬೀರುತ್ತದೆ. ಎರಡು ನಾಮಪದ ಪಕ್ಕಪಕ್ಕ ಕೂತಾಗ ಅವುಗಳ ನಡುವಿನ ನಂಟು ಏನು ಅಂತ ಕನ್ನಡ ಬಾಯಿ ಬಿಟ್ಟು ಹೇಳುವುದಿಲ್ಲ. ಲೋಕಜ್ಞಾನದಿಂದ ನಾವೇ ತುಂಬಿಕೊಳ್ಳುತ್ತೇವೆ. ನಿದ್ದೆ ಬೇಕಾದದ್ದು, ಜ್ವರ ಬೇಡವಾದದ್ದು. ಆದ್ದರಿಂದ ಗೊಂದಲ ಇಲ್ಲ. ಭೇದಿ ಮಾತ್ರ ಒಬ್ಬನಿಗೆ ಬೇಕು, ಇನ್ನೊಬ್ಬನಿಗೆ ಬೇಡ. ‘ವಾಂತಿ ಔಷಧಿ’ಯದೂ ಇದೇ ಪಾಡು. ವಿಷ ಕಕ್ಕಿಸಲು ಕೊಡುತ್ತಿದ್ದದ್ದೂ ಅದೇ, ಪ್ರಯಾಣದಲ್ಲಿ ನಿಲ್ಲಿಸಲು ಕೊಡುವುದೂ ಅದೇ.

ಪದದ ಹುಟ್ಟು ಕೂಡ ಅಮ್ಮನ ಕಡೆಗೇ ಇದೆ. ಸಂಸ್ಕೃತದ ‘ಭಿದ್’ ಅಂದರೆ ಒಡೆ, ಸೀಳು. ಭೇದ, ಭೇದಿಸು ಎಲ್ಲ ಅಲ್ಲಿಂದ ಬಂದವು. ಆಯುರ್ವೇದದಲ್ಲಿ ‘ಭೇದನ’ ಅಂದರೆ ಗಟ್ಟಿಯಾದ ಮಲವನ್ನು ಒಡೆದು ಹೊರಹಾಕುವ ಗುಣ. ರೋಗದ ಹೆಸರು ಅಲ್ಲಿ ‘ಅತಿಸಾರ’. ಮದ್ದಿನ ಕೆಲಸಕ್ಕೆ ಇದ್ದ ಹೆಸರೇ ನಮ್ಮಲ್ಲಿ ಕಾಯಿಲೆಗೂ ಅಂಟಿಕೊಂಡಿದೆ.

ಸರಿ, ‘ಭೇದಿಗೆ ಮದ್ದು’ ಅಂತ ಬರೆದರೆ? ‘ಗೆ’ ಸೇರಿದ ಕೂಡಲೇ ಭೇದಿ ಎದುರಾಳಿಯಾಗುತ್ತದೆ. ಹಾವು ಕಡಿದದ್ದಕ್ಕೆ ಮದ್ದು, ಕೆಮ್ಮಿಗೆ ಮದ್ದು ಅಂದ ಹಾಗೆ. ಆದರೆ ‘ಭೇದಿಗೆ ಕೊಡು’ ಅಂದರೆ ಮತ್ತೆ ಹಳೆಯ ಅರ್ಥಕ್ಕೇ ಜಾರುತ್ತದೆ. ‘ಮಗುವಿಗೆ ಭೇದಿಗೆ ಕೊಟ್ಟಿದ್ದೀವಿ’ ಅಂತ ಹಿರಿಯರು ಹೇಳಿದರೆ ಹೊಟ್ಟೆ ತೊಳೆಯಲು ಕೊಟ್ಟಿದ್ದಾರೆ ಅಂತಲೇ ಅರ್ಥ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇದು ನನ್ನ ಮೊದಲ ಪ್ರಶ್ನೆ.

ಅಮ್ಮನ ಮಾತಿನಲ್ಲಿ ಇನ್ನೊಂದು ಸೊಗಸಿದೆ, ಗಮನಿಸಿದಿರಾ? ‘ಕಟ್ಟಿದೋರು’, ‘ಕೆಟ್ಟೋರು’. ಹೊಟ್ಟೆ ಕಟ್ಟಿದೆ, ಹೊಟ್ಟೆ ಕೆಟ್ಟಿದೆ. ಒಂದು ಸ್ವರ ಬದಲಾದರೆ ಕಾಯಿಲೆಯೇ ತಿರುಗುಮುರುಗು. ಮುದ್ರಣದಲ್ಲಿ ಒಂದು ಎತ್ವ ಬಿಟ್ಟುಹೋದರೆ ಸಾಕು. ಇದರ ಮೇಲೆ ‘ಹೊಟ್ಟೆ ಬಟ್ಟೆ ಕಟ್ಟಿ’ ಮಕ್ಕಳನ್ನು ಓದಿಸಿದರು ಅನ್ನುವ ಮಾತು ಬೇರೆ ಇದೆ. ಅಲ್ಲಿ ಕಟ್ಟಿದ್ದು ಮಲ ಅಲ್ಲ, ಹಸಿವು. ಹಾಗಾಗಿ ಕರಪತ್ರದಲ್ಲಿ ‘ಮಲ ಕಟ್ಟಿದ್ದರೆ’ ಅಂತ ನೇರವಾಗಿ ಬರೆದಿದ್ದೇನೆ. ‘ಮಲಬದ್ಧತೆ’ ಶಾಲೆಯ ಪುಸ್ತಕದ ಪದ. ಹೊಟ್ಟೆ ಹಿಡಿದುಕೊಂಡು ಕೂತವರು ಯಾರೂ ಅದನ್ನು ಆಡುವುದಿಲ್ಲ.

ಇನ್ನು ‘ಹೊಟ್ಟೆ ಕೆಟ್ಟಿದೆ’. ಒಬ್ಬರಿಗೆ ಇದು ಭೇದಿ. ಇನ್ನೊಬ್ಬರಿಗೆ ಅಜೀರ್ಣ. ಮತ್ತೊಬ್ಬರಿಗೆ ವಾಂತಿ ಬರುವ ಹಾಗೆ ಆಗುವುದು. ‘ಹೊಟ್ಟೆ ಅಪ್‌ಸೆಟ್’ ಅಂದರೂ ಇಷ್ಟೇ ಮಸುಕು. ಇದರ ಕೆಳಗೆ ಕನ್ನಡ ಎಷ್ಟು ನಿಖರವಾಗಿ ವಿಂಗಡಿಸಿಟ್ಟಿದೆ ಅಂತ ನೋಡಿದರೆ ಖುಷಿಯಾಗುತ್ತದೆ. ಕರುಳು ಹಿಂಡಿದ ಹಾಗಾದರೆ ನುಲಿತ. ಒಳಗೆ ಸದ್ದಾದರೆ ಗುಡುಗುಡು. ತಿಂದದ್ದು ಗಂಟಲಿಗೆ ಹುಳಿಯಾಗಿ ಬಂದರೆ ಹುಳಿತೇಗು. ಎದೆಯ ಹಿಂದೆ ಸುಟ್ಟರೆ ಎದೆಯುರಿ. ಅದನ್ನೇ ಎರಡು ಗೇಣು ಕೆಳಗಿಳಿಸಿ ‘ಹೊಟ್ಟೆಯುರಿ’ ಅನ್ನಿ ನೋಡೋಣ, ಪಕ್ಕದ ಮನೆಯವರು ಹೊಸ ಕಾರು ತಗೊಂಡರಾ ಅಂತ ಕೇಳುತ್ತಾರೆ. ನಿಜವಾಗಿಯೂ ಹೊಟ್ಟೆ ಉರಿಯುತ್ತಿರುವವನು ಪಾಪ, ‘ಹೊಟ್ಟೆಯಲ್ಲಿ ಉರಿ’ ಅಂತ ಬಿಡಿಸಿ ಹೇಳಬೇಕು.

‘ಉಬ್ಬರ’ ಮತ್ತು ‘ಉಬ್ಬಸ’ ಬಗ್ಗೆ ಒಂದು ಮಾತು. ಮೊದಲನೆಯದು ಹೊಟ್ಟೆ ಊದಿಕೊಳ್ಳುವುದು, ಎರಡನೆಯದು ಉಸಿರಿನ ತೊಂದರೆ. ನನ್ನ ಕರಡಿನಲ್ಲೇ ಒಂದು ಕಡೆ ‘ಹೊಟ್ಟೆ ಉಬ್ಬಸ’ ಅಂತ ಬೆರಳಚ್ಚಾಗಿತ್ತು. ತಿದ್ದುವ ತಂತ್ರಾಂಶ ಸುಮ್ನೆ ಬಿಟ್ಟಿತ್ತು. ಅದರ ಪಾಲಿಗೆ ಎರಡೂ ಸರಿಯಾದ ಪದಗಳೇ ತಾನೆ.

ನನಗೆ ತುಂಬ ಇಷ್ಟವಾದ ಪದ ‘ತೊಳಸು’. ಹೊಟ್ಟೆ ತೊಳಸುತ್ತಿದೆ. ಒಲೆಯ ಮೇಲಿನ ಪಾತ್ರೆಗೆ ಸೌಟು ಹಾಕಿ ತಿರುವುತ್ತೇವಲ್ಲ, ಆ ತೊಳಸು. ಒಳಗೆ ಯಾರೋ ಸೌಟು ಆಡಿಸುತ್ತಿದ್ದಾರೆ ಅನ್ನಿಸುವ ಆ ಹಿಂಸೆಗೆ ಇದಕ್ಕಿಂತ ಸರಿಯಾದ ಪದ ಎಲ್ಲಿದೆ? ಆದರೆ ಇತ್ತೀಚೆಗೆ ಎಲ್ಲೆಡೆ ‘ತೊಳೆಸುತ್ತಿದೆ’ ಅಂತ ಕಾಣುತ್ತೇನೆ. ಅದು ‘ತೊಳೆ’ಯಿಂದ ಬಂದದ್ದು. ಬಟ್ಟೆ ತೊಳೆಸುವುದು, ಪಾತ್ರೆ ತೊಳೆಸುವುದು. ಹೊಟ್ಟೆಯನ್ನು ಯಾರ ಕೈಲೋ ತೊಳೆಸುತ್ತಿರುವ ಹಾಗೆ! ಆಡುವಾಗ ಎರಡೂ ಹೆಚ್ಚುಕಡಿಮೆ ಒಂದೇ ಕೇಳುತ್ತವೆ, ಅದಕ್ಕೇ ತಪ್ಪು ಹರಡಿದೆ. ಕರಪತ್ರದಲ್ಲಿ ‘ತೊಳಸು’ ಅಂತಲೇ ಇಟ್ಟಿದ್ದೇನೆ. ಯಾರಾದರೂ ಅಚ್ಚಿನ ತಪ್ಪು ಅಂತ ತಿದ್ದಿಬಿಟ್ಟಾರು ಅನ್ನುವ ಭಯವಿದೆ.

ತೊಳಸುವುದರ ಮುಂದಿನ ಮೆಟ್ಟಿಲು ವಾಕರಿಕೆಯೋ, ಓಕರಿಕೆಯೋ? ಇವು ಎರಡು ಪದಗಳಲ್ಲ ಅಂತ ನನ್ನ ಅಭಿಪ್ರಾಯ. ಓಲಗ ವಾಲಗ ಆದ ಹಾಗೆ, ಓಲೆ ವಾಲೆ ಆದ ಹಾಗೆ, ಓಕರಿಕೆ ವಾಕರಿಕೆ ಆಗಿದೆ. ಆದರೆ ಎರಡು ರೂಪ ಕೈಗೆ ಸಿಕ್ಕಾಗ ಜನ ಸುಮ್ಮನಿರುವುದಿಲ್ಲ, ಕೆಲಸ ಹಂಚುತ್ತಾರೆ. ನಮ್ಮ ಮನೆಯಲ್ಲಿ ವಾಕರಿಕೆ ಅಂದರೆ ಬರೀ ಬರುವ ಹಾಗೆ ಆಗುವುದು, ಓಕರಿಕೆ ಅಂದರೆ ಬಂದೇಬಿಡುವುದು. ನಿಮ್ಮ ಮನೆಯಲ್ಲೂ ಹೀಗೆಯಾ?

‘ಗ್ಯಾಸ್ಟ್ರಿಕ್’ ಬಿಟ್ಟು ಹೊಟ್ಟೆಯ ಮಾತು ಮುಗಿಯುವುದಿಲ್ಲ. ‘ನನಗೆ ಗ್ಯಾಸ್ಟ್ರಿಕ್ ಇದೆ’ ಅಂತ ಎಲ್ಲರೂ ಅನ್ನುತ್ತಾರೆ. ಮೂಲದಲ್ಲಿ ಅದು ಕಾಯಿಲೆಯ ಹೆಸರೇ ಅಲ್ಲ, ‘ಜಠರಕ್ಕೆ ಸಂಬಂಧಿಸಿದ’ ಅನ್ನುವ ವಿಶೇಷಣ. ಗ್ರೀಕಿನಲ್ಲಿ ಹೊಟ್ಟೆಗೆ ‘ಗ್ಯಾಸ್ಟರ್’ ಅನ್ನುತ್ತಾರೆ, ಅಲ್ಲಿಂದ ಬಂದದ್ದು. ‘ಗ್ಯಾಸ್’ ಪದಕ್ಕೂ ಇದಕ್ಕೂ ನಂಟೇ ಇಲ್ಲ. ‘ಗ್ಯಾಸ್’ ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಕಟ್ಟಿದ್ದು, ಗ್ರೀಕಿನ ‘ಕೇಯಾಸ್’ ಪದದಿಂದ. ಕನ್ನಡದ ಬಾಯಲ್ಲಿ ಇವೆರಡೂ ಒಂದೇ ಕುಟುಂಬ ಸೇರಿ, ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ ಮೂರನ್ನೂ ‘ಗ್ಯಾಸ್ಟ್ರಿಕ್’ ನುಂಗಿಹಾಕಿದೆ. ಪದ ತಪ್ಪು ಅಂತ ನನ್ನ ತಕರಾರಲ್ಲ, ಅದು ಈಗ ನಮ್ಮದೇ. ಆದರೆ ಉಬ್ಬರಕ್ಕೆ ಮಾಡಿಕೊಳ್ಳುವ ಉಪಾಯ ಬೇರೆ, ಎದೆಯುರಿಗೆ ಬೇರೆ. ರಾತ್ರಿ ಎದೆಯುರಿ ಬರುವವರಿಗೆ ಊಟವಾದ ಕೂಡಲೇ ಮಲಗಬೇಡಿ, ತಲೆಯ ಕಡೆ ಮಂಚ ಎತ್ತರಿಸಿ ಅಂತ ಹೇಳಬೇಕು. ಉಬ್ಬರದವರಿಗೆ ಮಂಚ ಎತ್ತರಿಸಿ ಏನಾಗಬೇಕು? ಹಾಗಾಗಿ ಆ ಪದ ಬಿಟ್ಟಿದ್ದೇನೆ.

ಈಗ ಮದ್ದಿನ ಪದಗಳು. ‘ಕಷಾಯ’ ಅಂದರೆ ಏನೋ ಕುದಿಸಿದ ನೀರು ಅಂತ ನಮ್ಮ ಲೆಕ್ಕ. ಆಯುರ್ವೇದದಲ್ಲಿ ಇದು ಐದು ಬಗೆ. ಹಿಂಡಿದ ರಸ ಸ್ವರಸ, ಅರೆದ ಮುದ್ದೆ ಕಲ್ಕ, ಕುದಿಸಿ ಬತ್ತಿಸಿದ್ದು ಕ್ವಾಥ, ತಣ್ಣೀರಿನಲ್ಲಿ ನೆನೆಸಿದ್ದು ಹಿಮ, ಬಿಸಿನೀರು ಹಾಕಿ ಸೋಸಿದ್ದು ಫಾಂಟ. ನಮ್ಮ ಟೀ ಕೂಡ ಈ ಲೆಕ್ಕದಲ್ಲಿ ಕಷಾಯದ ತಮ್ಮನೇ. ಕರಪತ್ರದಲ್ಲಿ ಬರೀ ‘ಶುಂಠಿ ಕಷಾಯ’ ಅಂತ ಬರೆದರೆ ಒಬ್ಬರು ಅರ್ಧ ಗಂಟೆ ಕುದಿಸಿ ಗಂಟಲು ಸುಡುವ ಖಾರ ಮಾಡುತ್ತಾರೆ, ಇನ್ನೊಬ್ಬರು ಅದ್ದಿ ತೆಗೆಯುತ್ತಾರೆ. ಅದಕ್ಕೇ ಹೆಸರು ಬಿಟ್ಟು ಕೆಲಸ ಬರೆದೆ: ‘ಬೆರಳ ಗೆಣ್ಣಿನಷ್ಟು ಶುಂಠಿ ತುರಿದು, ಕುದಿಯುವ ನೀರು ಹೊಯ್ದು, ಹತ್ತು ನಿಮಿಷ ಮುಚ್ಚಿಡಿ. ಸೋಸಿ, ಗುಟುಕು ಗುಟುಕಾಗಿ ಕುಡಿಯಿರಿ.’ ವಾಕರಿಕೆಗೆ ಶುಂಠಿ ಒಗ್ಗುತ್ತದೆ. ಎದೆಯುರಿ ಇರುವವರಿಗೆ ಜಾಸ್ತಿಯಾದರೆ ಅದೇ ಉರಿ ಹೆಚ್ಚಿಸಲೂಬಹುದು.

ಅಂದಹಾಗೆ ‘ಹಸಿಶುಂಠಿ’ ಅನ್ನುವುದೇ ಒಂದು ವಿಚಿತ್ರ. ಸಂಸ್ಕೃತದಲ್ಲಿ ಶುಂಠಿ ಅಂದರೆ ಒಣಗಿದ್ದು ಮಾತ್ರ, ಹಸಿಯದಕ್ಕೆ ‘ಆರ್ದ್ರಕ’. ಒಣಗಿದ್ದರ ಹೆಸರಿಗೇ ನಾವು ಹಸಿ ಸೇರಿಸಿದ್ದೇವೆ, ಆಮೇಲೆ ‘ಒಣಶುಂಠಿ’ ಅಂತ ಇನ್ನೊಂದು ಮಾಡಿಕೊಂಡಿದ್ದೇವೆ. ಹಸಿಯದಕ್ಕೆ ‘ಅಲ್ಲ’ ಅನ್ನುವವರು ಈ ಇಕ್ಕಟ್ಟಿನಿಂದ ಪಾರಾದರು. ಆದರೆ ‘ಇದು ಅಲ್ಲ ಅಲ್ಲ’ ಅಂತ ಹೇಳುವಾಗ ಅವರ ಪಾಡು ಅವರಿಗೇ ಗೊತ್ತು.

ಜೀರಿಗೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಅದು ಸಂಸ್ಕೃತದ ‘ಜೀರಕ’, ಜೀರ್ಣದ ಧಾತುವಿಗೇ ಅದನ್ನೂ ಸೇರಿಸುವುದು ರೂಢಿ. ಅಂದರೆ ಹೆಸರಿನಲ್ಲೇ ಕೆಲಸ ಬರೆದಿದೆ.

ಈಗ ನಿಜವಾದ ತಲೆನೋವು. ಭೇದಿಯಲ್ಲಿ ಅಪಾಯ ತರುವುದು ಮೈಯ ನೀರು, ಉಪ್ಪು ಹೊರಗೆ ಹೋಗುವುದು. ‘ನಿರ್ಜಲೀಕರಣ’ ಅಂತ ಬರೆದಿದ್ದೆ, ಹೊಡೆದುಹಾಕಿ ‘ಮೈಯ ನೀರು ಬತ್ತುವುದು’ ಅಂತ ಬರೆದೆ. ಇದಕ್ಕೆ ಓಆರ್‌ಎಸ್ ಪೊಟ್ಟಣ ಎಲ್ಲಕ್ಕಿಂತ ಒಳ್ಳೆಯದು. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಯಲ್ಲಿ 1 ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸಣ್ಣ ಕರುಳಿನಲ್ಲಿ ಗ್ಲೂಕೋಸು ಉಪ್ಪಿನ ಸೋಡಿಯಂ ಅನ್ನು ಜೊತೆಗೆ ಕರೆದುಕೊಂಡು ಗೋಡೆ ದಾಟುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಪೊಟ್ಟಣ ಸಿಗದಾಗ ಮನೆಯಲ್ಲಿ 1 ಲೀಟರ್ ಶುದ್ಧ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು.

‘ಶುದ್ಧ ನೀರು’ ಅಂದರೆ ‘ಕುದಿಸಿ ಆರಿಸಿದ ನೀರು’ ಅಂತ ಬಿಡಿಸಿ ಬರೆದೆ. ‘ಕಾಯಿಸಿ’ ಅಂದರೆ ಉಗುರು ಬೆಚ್ಚಗೆ ಮಾಡಿ ಬಿಟ್ಟಾರು. ಆದರೆ ಚಮಚ? ಈ ಅಳತೆ ತುಂಬಿ ತುಳುಕುವ ಚಮಚದ್ದಲ್ಲ. ಮೇಲೆ ಗುಡ್ಡೆ ಇರಬಾರದು, ಅಂಚಿಗೆ ಸಮ ಇರಬೇಕು. ಉಪ್ಪು ಜಾಸ್ತಿಯಾದರೆ ಚಿಕ್ಕ ಮಕ್ಕಳಿಗೆ ನಿಜಕ್ಕೂ ಅಪಾಯ. ‘ಸಮತಟ್ಟಾದ ಚಮಚ’ ಅಂದರೆ ಚಮಚವೇ ಚಪ್ಪಟೆ ಅನ್ನಿಸುತ್ತದೆ. ‘ಮಟ್ಟಸ ಚಮಚ’ ಚೆನ್ನಾಗಿದೆ, ಎಲ್ಲರಿಗೂ ತಿಳಿಯುತ್ತದೋ ಇಲ್ಲವೋ. ಸದ್ಯಕ್ಕೆ ‘ಚಮಚದ ತಲೆಯ ಮೇಲಿನ ಗುಡ್ಡೆಯನ್ನು ಚಾಕುವಿನ ಬೆನ್ನಿನಿಂದ ಗೀರಿ ತೆಗೆಯಿರಿ’ ಅಂತ ಉದ್ದಕ್ಕೆ ಬರೆದಿದ್ದೇನೆ. ಕಾಳು ಅಳೆಯುವವರ ಬಾಯಲ್ಲಿ ಇದಕ್ಕೊಂದು ಚುಟುಕು ಪದ ಇದ್ದೇ ಇರುತ್ತದೆ. ಗೊತ್ತಿದ್ದರೆ ದಯವಿಟ್ಟು ಹೇಳಿ. ಇದು ನನ್ನ ಎರಡನೇ ಪ್ರಶ್ನೆ, ನನಗೆ ತುರ್ತಾಗಿ ಬೇಕಾದದ್ದೂ ಇದೇ.

ಕೊನೆಯದು ಕ್ರಿಯಾಪದ. ಈ ಮದ್ದುಗಳು ಹೊಟ್ಟೆಯನ್ನು ಏನು ಮಾಡುತ್ತವೆ? ‘ಸೆಟ್ ಆಯ್ತು’ ಅನ್ನುತ್ತಾರೆ ಹುಡುಗರು. ‘ಶಮನ’ ಸ್ವಲ್ಪ ಭಾರ. ‘ತಣ್ಣಗಾಯಿತು’ ಮುದ್ದಾಗಿದೆ, ಆದರೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸುವುದು ನೆನಪಾಗಿ ಅರ್ಥ ಬೇರೆ ಕಡೆ ಹೊರಳುತ್ತದೆ. ‘ಹದಕ್ಕೆ ಬಂತು’ ನನಗೆ ಒಪ್ಪಿಗೆ. ‘ನಿಲ್ಲಿಸುತ್ತದೆ’, ‘ಕಟ್ಟುತ್ತದೆ’ ಮಾತ್ರ ಬೇಡವೇ ಬೇಡ. ಸಕ್ಕರೆ ಉಪ್ಪಿನ ನೀರು ಭೇದಿಯನ್ನು ನಿಲ್ಲಿಸುವುದಿಲ್ಲ, ಹೋದ ನೀರನ್ನು ತುಂಬಿಕೊಡುತ್ತದೆ ಅಷ್ಟೆ. ನಿಲ್ಲುತ್ತದೆ ಅಂತ ಬರೆದರೆ ಎರಡು ಲೋಟ ಕುಡಿಸಿ, ಇನ್ನೂ ಭೇದಿ ಆಗುತ್ತಿದೆ, ಇದು ನಾಟಲಿಲ್ಲ ಅಂತ ಕುಡಿಸುವುದನ್ನೇ ಬಿಟ್ಟುಬಿಡುತ್ತಾರೆ.

ಅಲ್ಲಿಗೆ ತಲೆಬರಹದ ವಿಷಯಕ್ಕೇ ಮರಳಿದೆ. ನಿಲ್ಲಿಸುವುದೂ ಅಲ್ಲ, ಬರಿಸುವುದೂ ಅಲ್ಲ ಅಂದಮೇಲೆ ‘ಭೇದಿ ಮದ್ದು’, ‘ಭೇದಿಗೆ ಮದ್ದು’ ಎರಡೂ ಸುಳ್ಳೇ. ಈಗ ‘ಭೇದಿ ಆಗುತ್ತಿರುವಾಗ ಕುಡಿಸುವ ನೀರು’ ಅಂತ ಇಟ್ಟಿದ್ದೇನೆ. ಅದರ ಕೆಳಗೇ ದಪ್ಪಕ್ಷರದಲ್ಲಿ: ‘ಮಲದಲ್ಲಿ ರಕ್ತ ಕಂಡರೆ, ಬಾಯಿ ಒಣಗಿ ಮೂತ್ರ ಕಡಿಮೆಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಗು ಮಂಕಾದರೆ ಕೂಡಲೇ ವೈದ್ಯರ ಹತ್ತಿರ ಹೋಗಿ.’

ನಿನ್ನೆ ಅಮ್ಮನಿಗೆ ಮತ್ತೆ ಓದಿದೆ. ಈ ಸಲ ತಡೆಯಲಿಲ್ಲ. ಮುಗಿದ ಮೇಲೆ ಒಂದೇ ಕೇಳಿದರು: “ಆ ಚಮಚದ್ದು ಯಾಕೋ ಅಷ್ಟುದ್ದ?”