ಪದಚರ್ಚೆ: ‘ಇಟರೇಟಿವ್’ ಎಂಬುದಕ್ಕೆ ‘ಪುನರಾವರ್ತಿತ’ ಒಗ್ಗುತ್ತದೆಯೇ?

ಸೇವಾ ವಿನ್ಯಾಸವನ್ನೂ ಡಿಜಿಟಲ್ ಉತ್ಪನ್ನಗಳ ಅಭಿವೃದ್ಧಿಯನ್ನೂ ಒಂದಕ್ಕೊಂದು ಬೆಸೆಯುವುದು ಹೇಗೆ ಎಂಬುದನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಸೇವೆಯನ್ನು ಮೊದಲಿಂದ ಕೊನೆಯವರೆಗೆ ಒಟ್ಟಾಗಿ ರೂಪಿಸುವ ‘ಸರ್ವಿಸ್ ಡಿಸೈನ್’ ಎಂಬುದಕ್ಕೆ ‘ಸೇವಾ ವಿನ್ಯಾಸ’ ಚೆನ್ನಾಗಿಯೇ ಒಪ್ಪುತ್ತದೆ. ತೊಡಕಿರುವುದು ‘ಇಟರೇಟಿವ್’ ಎಂಬಲ್ಲಿ. ‘ಪುನರಾವರ್ತಿತ ಅಭಿವೃದ್ಧಿ’, ‘ಪುನರಾವರ್ತನೆಯ ವಿಧಾನ’ ಎಂದು ಬರೆದಾಗಲೆಲ್ಲ ಅರ್ಥ ಎದುರು ದಿಕ್ಕಿಗೆ ಹೊರಳುತ್ತಿದೆ ಎನಿಸುತ್ತದೆ. ಬಲ್ಲವರು ಈ ಪದಗಳನ್ನು ಒರೆಗೆ ಹಚ್ಚಿ ನೋಡಬೇಕೆಂದು ಕೋರುತ್ತೇನೆ.

ಮೊದಲು, ಈ ಪದ ಸೂಚಿಸುವ ಕೆಲಸ ಯಾವುದು ಎಂಬುದನ್ನು ಹೇಳುತ್ತೇನೆ. ಆಸ್ಪತ್ರೆಯೊಂದರಲ್ಲಿ ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ಆ್ಯಪ್ ಇದೆ ಎಂದುಕೊಳ್ಳೋಣ. ತಂಡವು ಎರಡು ವಾರಕ್ಕೊಮ್ಮೆ ಆ್ಯಪನ್ನು ಬಳಕೆದಾರರ ಮುಂದಿಟ್ಟು, ಅವರು ಎಲ್ಲಿ ಎಡವುತ್ತಾರೆಂದು ನೋಡಿ, ಬದಲಿಸುತ್ತದೆ. ಪರದೆ ಬರಬರುತ್ತ ಸರಳವಾಗುತ್ತದೆ. ಆದರೆ ರೋಗಿ ಆಸ್ಪತ್ರೆಗೆ ಬಂದಾಗ ಕೌಂಟರಿನ ಸಿಬ್ಬಂದಿಗೆ ಆ್ಯಪಿನ ಪಟ್ಟಿಯೇ ತಲುಪಿರುವುದಿಲ್ಲ. ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಆ್ಯಪ್ ಮಟ್ಟಿಗೆ ಪ್ರಗತಿ, ಸೇವೆಯ ಮಟ್ಟಿಗೆ ಸೊನ್ನೆ. ಸೇವಾ ವಿನ್ಯಾಸಕರು ಮೊದಲೇ ಇಡೀ ಸೇವೆಯ ನಕ್ಷೆ ಬರೆದಿರಬಹುದು, ಆದರೆ ಅಭಿವೃದ್ಧಿ ಶುರುವಾದ ಮೇಲೆ ಅದು ಗೋಡೆಯ ಮೇಲೆಯೇ ಉಳಿಯುತ್ತದೆ. ಎರಡೂ ಕೆಲಸಗಳು ಬೆಸೆಯಬೇಕಾದರೆ ಪ್ರತಿ ಸುತ್ತಿನಲ್ಲಿ ಆ್ಯಪಿನ ಜೊತೆಗೆ ನಕ್ಷೆಯೂ ಬದಲಾಗಬೇಕು, ಕೌಂಟರಿನ ಕೆಲಸದ ಕ್ರಮವೂ ಬದಲಾಗಬೇಕು. ಹೀಗೆ ಕಲಿತದ್ದನ್ನು ಹಿಂದಕ್ಕೆ ಒಯ್ದು ಮೂಲವನ್ನೇ ಮಾರ್ಪಡಿಸುವ ಸುತ್ತೇ ‘ಇಟರೇಶನ್’.

‘ಪುನರಾವರ್ತನೆ’ ಎಂದರೆ ಇದ್ದದ್ದೇ ಮತ್ತೆ ಬರುವುದು. ಪತ್ರಿಕೆಗಳಲ್ಲಿ ‘ಇಂತಹ ತಪ್ಪು ಪುನರಾವರ್ತನೆಯಾಗಬಾರದು’ ಎಂದು ಓದುತ್ತೇವೆ. ಪ್ರಬಂಧದಲ್ಲಿ ಪುನರಾವರ್ತನೆ ಒಂದು ದೋಷ. ‘ಆವರ್ತನ’ ಹೆಚ್ಚು ಹಗುರವಾದ ಪದ, ಆದರೆ ತಾಳದ ಆವರ್ತದಂತೆ ಹೊರಟಲ್ಲಿಗೇ ಮರಳುವ ಸೂಚನೆ ಅದರಲ್ಲಿದೆ. ಭೌತಶಾಸ್ತ್ರದಲ್ಲಿ ‘ಆವರ್ತನ’ ಬೇರೊಂದು ಅರ್ಥದಲ್ಲಿ ನೆಲೆನಿಂತೂ ಆಗಿದೆ. ‘ಮರುಕಳಿಸುವ’ ಎಂದರೆ ಜ್ವರವೇ ಕಣ್ಣೆದುರು ಬರುತ್ತದೆ. ‘ಪರಿಷ್ಕರಣೆ’ ಹತ್ತಿರದ್ದು, ಆದರೆ ಅದು ಬರೆಯುವವನ ಮೇಜಿನ ಮೇಲೆಯೇ ಮುಗಿಯಬಲ್ಲ ಕೆಲಸ. ಬಳಸುವವರ ಬಳಿಗೆ ಹೋಗಿ ಬರುವ ನಡೆ ಅದರಲ್ಲಿಲ್ಲ.

ಕೆಲವರು ‘ಹಂತಹಂತದ ಅಭಿವೃದ್ಧಿ’ ಎನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ. ಅದು ‘ಇನ್‌ಕ್ರಿಮೆಂಟಲ್’ ಎಂಬುದರ ಅರ್ಥ: ಇಂದು ಒಂದು ಭಾಗ, ನಾಳೆ ಇನ್ನೊಂದು, ಕೊನೆಗೆ ಪೂರ್ಣ. ಅಲ್ಲಿ ಕಟ್ಟಿದ್ದನ್ನು ಕೆಡವುವ ಪ್ರಮೇಯ ಬರಬೇಕಾಗಿಲ್ಲ. ಇಟರೇಟಿವ್ ಕ್ರಮದಲ್ಲಿ ನಿನ್ನೆ ಕಟ್ಟಿದ್ದರ ಮೇಲೆಯೇ ಇಂದು ಮತ್ತೆ ಕೈಯಾಡಿಸುತ್ತೇವೆ. ಅಭ್ಯಾಸದಲ್ಲಿ ಎರಡೂ ಒಟ್ಟಿಗೆ ಬರುವುದರಿಂದಲೇ ಪದಗಳು ಬೇರೆಬೇರೆಯಾಗಿ ಇರಬೇಕು. ಇಲ್ಲದಿದ್ದರೆ ಭಾಗಗಳನ್ನು ಸೇರಿಸುತ್ತ ಹೋಗುವ ತಂಡವೂ ತಾನು ಕಲಿಯುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತದೆ.

ನನಗೆ ಸೂಕ್ತವೆನಿಸಿರುವುದು ‘ತಿದ್ದುಸುತ್ತು’. ಕಡೆಯುವ ಕೋಲು ಕಡೆಗೋಲು ಆದಂತೆ ತಿದ್ದುವ ಸುತ್ತು ತಿದ್ದುಸುತ್ತು. ‘ತಿದ್ದು’ ಎಂಬ ಧಾತುವಿಗೆ ಸರಿಪಡಿಸು ಎಂಬ ಅರ್ಥವೂ ಇದೆ, ಮಗು ಅಕ್ಷರದ ಮೇಲೆ ಅಕ್ಷರ ಬರೆದು ಕೈಗೆ ಹದ ತಂದುಕೊಳ್ಳುವ ಅರ್ಥವೂ ಇದೆ. ಒಂದೇ ಅಕ್ಷರದ ಮೇಲೆ ಮತ್ತೆ ಮತ್ತೆ ಸುತ್ತಿದರೂ ಮಗುವಿನ ಕೈ ಮೊದಲಿನಂತೆ ಇರುವುದಿಲ್ಲ. ‘ಸುತ್ತು’ ಕೂಡ ಮಾತುಕತೆಯ ಸುತ್ತು, ಮತ ಎಣಿಕೆಯ ಸುತ್ತು ಎಂದು ಬಳಕೆಯಲ್ಲಿದೆ. ಅಲ್ಲಿ ಪ್ರತಿ ಸುತ್ತಿನ ಫಲವೂ ಬೇರೆ. ಕ್ರಿಯಾಪದಕ್ಕೆ ‘ತಿದ್ದಿ ತೀಡು’ ಇದ್ದೇ ಇದೆ. ಅನುಮಾನವಿರುವುದು ವಿಶೇಷಣದ ಬಗ್ಗೆ: ‘ತಿದ್ದುಸುತ್ತಿನ ಅಭಿವೃದ್ಧಿ’ ಕಿವಿಗೆ ಹಿತವಾಗಿದೆಯೇ?

ಇದರ ಜೊತೆಗೆ ಇನ್ನೊಂದು ಪ್ರಶ್ನೆ. 1984ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿ ಲಿನ್ ಶೋಸ್ಟಾಕ್ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಸೇವೆಯ ನಕ್ಷೆ ಬರೆಯುವ ಕ್ರಮವನ್ನು ವಿವರಿಸಿದರು. ಅವರ ಒಂದು ಉದಾಹರಣೆ ಬೂಟು ಪಾಲಿಶ್ ಮಾಡುವ ಸೇವೆ. ಗ್ರಾಹಕನಿಗೆ ಕಾಣುವ ಕೆಲಸವನ್ನೂ ಕಾಣದ ಕೆಲಸವನ್ನೂ ಬೇರ್ಪಡಿಸುವ ಗೆರೆಯೊಂದು (‘ಲೈನ್ ಆಫ್ ವಿಸಿಬಿಲಿಟಿ’) ಆ ನಕ್ಷೆಯಲ್ಲಿದೆ. ‘ಗೋಚರ ರೇಖೆ’ ಎಂದು ಬರೆದರೆ ‘ಕಾಣುವ ರೇಖೆ’ ಎಂದಾಗುತ್ತದೆ, ಅದು ತಪ್ಪು. ರಂಗಭೂಮಿಯ ಮಾತು ಇಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಗೆರೆಯ ಆಚೆ ಇರುವುದನ್ನು ‘ನೇಪಥ್ಯ’, ಗೆರೆಯನ್ನು ‘ತೆರೆಗೆರೆ’ ಎನ್ನಬಹುದೇ? ಕೌಂಟರಿಗೆ ತಲುಪದ ಆ ಪಟ್ಟಿ ಸಿಕ್ಕಿಕೊಳ್ಳುವುದು ಈ ಗೆರೆಯಲ್ಲೇ. ಹಾಗಾಗಿ ಕೈಪಿಡಿಯಲ್ಲಿ ಈ ಪದ ಪದೇಪದೇ ಬರುತ್ತದೆ.

‘ಸ್ಪ್ರಿಂಟ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಓಟ’ ಎಂದರೆ ಅವಸರದ ಅರ್ಥ ಬರುತ್ತದೆ. ಸ್ಕ್ರಮ್ ಎಂಬ, ತಂಡಗಳು ಸುತ್ತುಸುತ್ತಾಗಿ ಕೆಲಸ ಮಾಡುವ ಕ್ರಮದಲ್ಲಿ ಅದು ಒಂದು ತಿಂಗಳಿಗೆ ಮೀರದ ನಿಗದಿತ ಅವಧಿ, ಅಷ್ಟೆ. ‘ಉತ್ಪನ್ನ’ ಪದದ ಬಗ್ಗೆ ಮಾತ್ರ ಸಮಾಧಾನವಿಲ್ಲ. ಸಂಸ್ಕೃತದಲ್ಲಿ ಅದು ‘ಉಂಟಾದ’ ಎಂಬ ಭೂತಕೃದಂತ, ಆಗಿ ಮುಗಿದದ್ದು. ಆದರೆ ಬ್ರಿಟನ್ ಸರ್ಕಾರದ ಡಿಜಿಟಲ್ ಸೇವೆಗಳ ಕ್ರಮದಲ್ಲಿ ಡಿಸ್ಕವರಿ (ಅಗತ್ಯ ಅರಿಯುವುದು), ಆಲ್ಫಾ (ಮಾದರಿಗಳ ಪ್ರಯೋಗ), ಬೀಟಾ (ನಿಜ ಬಳಕೆದಾರರೊಂದಿಗೆ ಪರೀಕ್ಷೆ) ಹಂತಗಳು ಮುಗಿದು ‘ಲೈವ್’ (ಪೂರ್ಣ ಬಳಕೆಯ) ಹಂತ ತಲುಪಿದ ಮೇಲೂ ತಿದ್ದುವ ಕೆಲಸ ನಿಲ್ಲುವುದಿಲ್ಲ. ‘ಉತ್ಪನ್ನ’ ಈಗಾಗಲೇ ಬೇರೂರಿರುವುದರಿಂದ ಅದನ್ನು ಬದಲಿಸುವ ಆಲೋಚನೆ ನನಗಿಲ್ಲ.

ಕೊನೆಯದಾಗಿ ಒಂದು ವಿನಂತಿ. ಒಂದು ವಸ್ತುವನ್ನು ಮಾಡಿ, ಬಳಸುವವರ ಕೈಗೆ ಕೊಟ್ಟು ನೋಡಿ, ಮರಳಿ ತಂದು ತಿದ್ದುವ ಕ್ರಮಕ್ಕೆ ನೇಕಾರರು, ಬಡಗಿಗಳು, ವಾದ್ಯ ತಯಾರಿಸುವವರ ಮಾತಿನಲ್ಲಿ ಹೆಸರಿದ್ದರೆ ದಯವಿಟ್ಟು ತಿಳಿಸಿ. ಯಾವ ಕಸುಬಿನ ಪದ, ಯಾವ ವಾಕ್ಯದಲ್ಲಿ ಬಳಸುತ್ತಾರೆ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.