ಸಹಾಯ ಬೇಕು: ತೋಟದ ದಾರಿಯಲ್ಲಿ ಬೆಣಚುಕಲ್ಲಿನ ಎಳೆ, ಬಾವಿ ನೀರಿಗೆ ತೊಂದರೆಯಾ?

ಎಲ್ಲರಿಗೂ ನಮಸ್ಕಾರ. ಭೂವಿಜ್ಞಾನ ಓದಿದವರು ಇದ್ದರೆ ದಯವಿಟ್ಟು ನೋಡಿ.

ನಮ್ಮ ಕಾಫಿ ತೋಟ ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿದೆ. ಜೀಪ್ ದಾರಿ ಅಗಲ ಮಾಡಲು ಜೆಸಿಬಿಯಲ್ಲಿ ದಿಣ್ಣೆ ಕೊರೆಸಿದೆವು. ಅಲ್ಲಿ ಹಸಿರುಗಪ್ಪು ಬಂಡೆಯ ನಡುವೆ ಗೇಣಗಲದ ಬಿಳಿ ಬೆಣಚುಕಲ್ಲಿನ ಪಟ್ಟಿ, ಅಂದರೆ ಎಳೆ, ಓರೆಯಾಗಿ ಇಳಿದಿದೆ. ಅಂಚಿಗೆಲ್ಲ ತುಕ್ಕಿನ ಬಣ್ಣ. ಒಡೆದ ಚೂರಿನಲ್ಲಿ ಹಿತ್ತಾಳೆಯಂತೆ ಹೊಳೆಯುವ ಪುಟ್ಟ ಪುಟ್ಟ ಚೌಕ ಹರಳುಗಳು. ಚಿನ್ನ ಅಂತ ಆಗಲೇ ಊರಲ್ಲಿ ಸುದ್ದಿ. ಟೈಲ್‌ನ ಒರಟು ಹಿಂಬದಿಗೆ ಉಜ್ಜಿದರೆ ಕಪ್ಪು ಗೆರೆ ಬಂತು, ಸುತ್ತಿಗೆ ಏಟಿಗೆ ಪುಡಿಯಾಯಿತು. ಚಿನ್ನವಾಗಿದ್ದರೆ ಗೆರೆ ಹಳದಿ ಇರಬೇಕು, ಏಟಿಗೆ ಚಪ್ಪಟೆಯಾಗಬೇಕು. ಹಾಗಾಗಿ ಇದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಅಂತ ನನ್ನ ಲೆಕ್ಕ.

ನಮ್ಮ ಬೆಟ್ಟದ ಕಬ್ಬಿಣದ ಅದಿರು ಪದರ ಪದರವಾಗಿ ಕೂತದ್ದು. ಎಳೆ ಹಾಗಲ್ಲ. ಆಳದ ಬಿಸಿನೀರು ಖನಿಜಗಳನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರಿ, ತಣ್ಣಗಾಗುವಾಗ ಬೆಣಚು, ಪೈರೈಟ್, ಕೆಲವು ಕಡೆ ಚಿನ್ನವನ್ನೂ ಬಿಟ್ಟು ಹೋಗುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲೂ ಚಿನ್ನ ಸಿಕ್ಕಿದ್ದು ಇಂಥ ಎಳೆಗಳಲ್ಲೇ ಅಲ್ವಾ.

ನನಗೆ ಜಾಸ್ತಿ ಚಿಂತೆ ನೀರಿನದು. ಪೈರೈಟ್ ಗಾಳಿ, ಮಳೆಗೆ ತೆರೆದುಕೊಂಡರೆ ಗಂಧಕಾಮ್ಲ ಆಗುತ್ತದೆ. ಕೊರೆದ ಜಾಗದ ಚರಂಡಿ ಇಳಿಯುವುದು ಲೈನ್ ಮನೆಯವರು (ತೋಟದ ಕೆಲಸಗಾರರು) ಕುಡಿಯುವ ಬಾವಿ ಕಡೆಗೇ. ಇಷ್ಟು ಸಣ್ಣ ಎಳೆಯಿಂದ ನೀರು ಕೆಡುತ್ತದಾ? ಪಿಎಚ್ (ನೀರಿನ ಆಮ್ಲತೆಯ ಅಳತೆ) ಸಾಕಾ, ಇಂಥ ಕಲ್ಲಿನಲ್ಲಿ ಇರಬಹುದಾದ ವಿಷವಸ್ತು ಆರ್ಸೆನಿಕ್ ಕೂಡ ಪರೀಕ್ಷೆ ಮಾಡಿಸಬೇಕಾ? ಕೊರೆದ ಜಾಗಕ್ಕೆ ಜೇಡಿಮಣ್ಣು ಮೆತ್ತಿ, ಚರಂಡಿಯನ್ನು ಬೇರೆ ಕಡೆ ತಿರುಗಿಸಿದರೆ ಆಗುತ್ತದಾ?

ಚಿಕ್ಕಮಗಳೂರು, ಹಾಸನ ಕಡೆ ಕಲ್ಲು ನೋಡಿ ಹೇಳಬಲ್ಲವರು ಮೆಸೇಜ್ ಮಾಡಿ. ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಸಬೇಕು. ಬರುವವರನ್ನು ನಾನೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ.